ಬೀಜದ ಟಗರು ಬೇಕೇ? ಮರಿಯಿದ್ದಾಗಲೇ ಕೈಯಿಟ್ಟು ನೋಡಿ

ಅರಸೀಕೆರೆ, ಕಡೂರು ಸೀಮೆಯ ರೊಪ್ಪಗಳಲ್ಲಿ ಬೀಜಕ್ಕೆ ಬಿಡುವ ಮರಿಯನ್ನು ಆರಿಸುವಾಗ ಕೊಂಬು, ಮೈಕಟ್ಟು ನೋಡುತ್ತಾರೆ. ನೋಡಬೇಕಾದದ್ದೇ. ಆದರೆ ಆ ಮರಿ ಮುಂದೆ ಎಷ್ಟು ಕುರಿಗೆ ಗಬ್ಬ ಕಟ್ಟಿಸೀತು ಎಂಬುದರ ಅಂದಾಜು ಸಿಗುವುದು ಹಿಂಗಾಲ ನಡುವಿನ ಚೀಲಕ್ಕೆ ಕೈಯಿಟ್ಟಾಗ.

ಎಂಟು ವಾರಕ್ಕೆ ಶುರು ಮಾಡಿ. ಮರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಹಿಂದಿನಿಂದ ಚೀಲವನ್ನು ಅಂಗೈಗೆ ತೆಗೆದುಕೊಳ್ಳಿ. ಎರಡೂ ಬೀಜ, ಅಂದರೆ ವೃಷಣ, ಸಿಗಬೇಕು. ಕುರಿಯಲ್ಲಿ ಅವು ಹುಟ್ಟುವ ಮೊದಲೇ ಇಳಿದಿರುತ್ತವೆ. ಒಂದೇ ಸಿಕ್ಕರೆ, ಇನ್ನೊಂದು ಆಮೇಲೆ ಇಳಿದೀತು ಎಂದು ಕಾಯಬೇಡಿ. ಆ ದೋಷ ಸಂತತಿಗೂ ಹೋಗಬಹುದು.

ಆ ಹೊತ್ತಿಗಾಗಲೇ ಮರಿಯ ತಲೆಯೊಳಗೆ ಕೆಲಸ ನಡೆದಿರುತ್ತದೆ. ಮೆದುಳಿನ ಬುಡದ ಹೈಪೋಥಲಾಮಸ್, ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟುಬಿಟ್ಟು ಚಿಮ್ಮಿಸುತ್ತದೆ. (ಇದರ ರಚನೆ ಗೊತ್ತಾದದ್ದು 1971ರಲ್ಲಿ. ವಿಜ್ಞಾನಿಗಳಾದ ಆಂಡ್ರ್ಯೂ ಶಾಲಿ ಹಂದಿಯ ಮೆದುಳಿನಿಂದ, ರೋಜೆ ಗಿಯ್ಮ್ಯಾಂ ಕುರಿಯ ಮೆದುಳಿನಿಂದಲೇ ತೆಗೆದರು; 1977ರ ನೊಬೆಲ್ ಪಡೆದವರಲ್ಲಿ ಇಬ್ಬರೂ ಇದ್ದರು.) ಜಿಎನ್‌ಆರ್‌ಎಚ್ ಚಿಮ್ಮಿದಾಗಲೆಲ್ಲ, ಅಲ್ಲೇ ಕೆಳಗಿರುವ ಪಿಟ್ಯುಟರಿ ಗ್ರಂಥಿ ಇನ್ನೊಂದು ಹಾರ್ಮೋನಾದ ಎಲ್‌ಎಚ್ ಬಿಡುತ್ತದೆ, ಎಲ್‌ಎಚ್ ಬೀಜದೊಳಗಿನ ಲೇಡಿಗ್ ಕೋಶಗಳಿಂದ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಅದೇ ಗ್ರಂಥಿಯ ಮತ್ತೊಂದು ಹಾರ್ಮೋನ್ ಎಫ್‌ಎಸ್‌ಎಚ್ ಸರ್ಟೋಲಿ ಕೋಶಗಳನ್ನು ಬೆಳೆಸುತ್ತದೆ. ಈ ಕೋಶಗಳು ವೀರ್ಯಾಣುಗಳನ್ನು ಸಾಕುವ ದಾದಿಯರು. ಒಂದೊಂದೂ ಇಂತಿಷ್ಟನ್ನೇ ಸಾಕಬಲ್ಲದು, ಹರೆಯ ಬಂದ ಮೇಲೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಗಬ್ಬದ ತಾಯಿಗೆ, ಹಾಲು ಕುಡಿಯುವ ಮರಿಗೆ ಆದ ಕೊರತೆಯನ್ನು ವರ್ಷ ಕಳೆದ ಮೇಲೆ ಹಿಂಡಿ ಸುರಿದು ತುಂಬುವುದು ಕಷ್ಟ ಎನ್ನುವುದು ಇದಕ್ಕೇ.

ತಿಂಗಳಿಗೊಮ್ಮೆ ತೂಕ ಮಾಡಿ, ಬರೆದಿಡಿ. ಹರೆಯ ಬರುವುದು ವಯಸ್ಸಿಗಿಂತ ತೂಕವನ್ನು ಹಿಡಿದು. ದೊಡ್ಡ ಟಗರಿನ ತೂಕದ ಸುಮಾರು ಅರ್ಧ ಮುಟ್ಟಿದಾಗ. ಚಳಿ ದೇಶಗಳಲ್ಲಿ ಹಗಲಿನ ಉದ್ದವೂ ಇದನ್ನು ಹಿಂದೆ ಮುಂದೆ ಮಾಡುತ್ತದೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಹಾಗಾಗಿ ಇಲ್ಲಿ ಮಳೆ, ಮೇವಿನದೇ ಮಾತು. ಹುರುಳಿ ಹೊಟ್ಟು, ಸ್ವಲ್ಪ ಕಡಲೆಕಾಯಿ ಹಿಂಡಿ ತಪ್ಪಿಸಬೇಡಿ.

ಮೂರೂವರೆ, ನಾಲ್ಕು ತಿಂಗಳಿಗೆ ಗಂಡು ಮರಿಗಳನ್ನು ಬೇರೆ ಕಟ್ಟಿ. ಚೆನ್ನಾಗಿ ಮೇಯ್ದ ಮರಿ ಐದು ತಿಂಗಳಿಗೇ ತಂಗಿಯರಿಗೆ ಗಬ್ಬ ಕಟ್ಟಿಸಬಲ್ಲದು.

ಆರು ತಿಂಗಳಾದ ಮೇಲೆ ದರ್ಜಿಯ ಟೇಪು ಹಿಡಿಯಿರಿ. ಬೀಜಗಳನ್ನು ಮೆಲ್ಲಗೆ ಕೆಳಕ್ಕೆ ಒತ್ತಿ, ಚೀಲದ ಅತಿ ದಪ್ಪ ಜಾಗದಲ್ಲಿ ಸುತ್ತಳತೆ ತೆಗೆಯಿರಿ. ವಿದೇಶಿ ತಳಿಗಳ ಲೆಕ್ಕ ನಮ್ಮ ಕುರಿಗೆ ಹೊಂದುವುದಿಲ್ಲ. ಓರಗೆಯ ಮರಿಗಳಲ್ಲಿ ಯಾವುದಕ್ಕೆ ಹೆಚ್ಚು ಎಂದು ನೋಡಿ. ಒತ್ತಿದರೆ ಗಟ್ಟಿಯಾಗಿ ಪುಟಿಯಬೇಕು. ಗೊರಸು ಕತ್ತರಿಸುವಾಗ ಕೂರಿಸುವಂತೆ ಮರಿಯನ್ನು ಪೃಷ್ಠದ ಮೇಲೆ ಕೂರಿಸಿ ಶಿಶ್ನವನ್ನೂ ನೋಡಿ. ಎಳೆಯದರಲ್ಲಿ ಅದು ಒಳತೊಗಲಿಗೆ ಅಂಟಿಕೊಂಡಿರುತ್ತದೆ, ಟೆಸ್ಟೋಸ್ಟೆರಾನ್ ಏರಿದಂತೆ ಬಿಡಿಸಿಕೊಳ್ಳುತ್ತದೆ. ಹೊರಬಾರದಿದ್ದರೆ ಎಳೆಯಬೇಡಿ, ಇನ್ನಷ್ಟು ದಿನ ಬಿಡಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಟಗರಿಗೆ ಹುರುಪು ಬರಲೆಂದು ಹಾರ್ಮೋನ್ ಸೂಜಿ ಹಾಕಿಸಬೇಡಿ. ಯಾರದೋ ಮಾತು ಕೇಳಿ ನಾವು ಹಾಕಿಸಿದೆವು. ಟಗರು ಏರುತ್ತಲೇ ಇತ್ತು, ಬೀಜ ಮಾತ್ರ ವಾರವಾರಕ್ಕೂ ಬಾಡಿದ ನಿಂಬೆಯಂತೆ ಮೆತ್ತಗಾಯಿತು. ಹೊರಗಿನ ಟೆಸ್ಟೋಸ್ಟೆರಾನ್ ರಕ್ತ ಸೇರಿದರೆ ಮೆದುಳು ‘ಸಾಕಷ್ಟಿದೆ’ ಎಂದು ಜಿಎನ್‌ಆರ್‌ಎಚ್ ತಗ್ಗಿಸುತ್ತದೆ, ಎಲ್‌ಎಚ್ ಇಳಿಯುತ್ತದೆ, ಬೀಜದ ಕೆಲಸ ನಿಲ್ಲುತ್ತದೆ.

ವೀರ್ಯಾಣು ತಯಾರಾಗಲು ಸುಮಾರು 49 ದಿನ, ಬೀಜಕ್ಕೆ ಅಂಟಿಕೊಂಡ ಸುರುಳಿ ನಾಳದಲ್ಲಿ ಬಲಿತು ಹೊರಬರಲು ಮತ್ತೆ ಹತ್ತು ಹನ್ನೆರಡು ದಿನ ಬೇಕು. ಅದಕ್ಕೇ ಟಗರನ್ನು ಬಿಡುವ ಎರಡು ತಿಂಗಳ ಮೊದಲೇ ಮೇವು ಹೆಚ್ಚಿಸಿ. ಮಳೆಗಾಲದ ನೀಲಿ ನಾಲಿಗೆ ಜ್ವರದಿಂದ ಎದ್ದ ಟಗರಾದರೆ ಅಷ್ಟೇ ದಿನ ಬಿಟ್ಟು ಮತ್ತೆ ಟೇಪು ಹಿಡಿಯಿರಿ. ಅನುಮಾನ ಉಳಿದರೆ ಪಶುವೈದ್ಯರಿಂದ ವೀರ್ಯ ಪರೀಕ್ಷೆ ಮಾಡಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಕೇಳಲು ಸಂಕೋಚ ಬೇಡ.