ಹಠಾತ್ತನೆ ಮಾತನಾಡಬೇಕಾದಾಗ ಅಳುಕದಿರುವುದು ಹೇಗೆ?

ಸಿದ್ಧಪಡಿಸಿಕೊಂಡ ಭಾಷಣವನ್ನು ವೇದಿಕೆಯ ಮೇಲೆ ನಿರರ್ಗಳವಾಗಿ ಮಾಡಬಲ್ಲವರು ಕೂಡ, ಲಿಫ್ಟಿನಲ್ಲಿ ಜೊತೆಯಾದ ಮೇಲಧಿಕಾರಿ "ನಿಮ್ಮ ಕೆಲಸ ಎಲ್ಲಿಗೆ ಬಂತು?" ಎಂದು ಕೇಳಿದರೆ "ನಡೀತಾ ಇದೆ ಸರ್" ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು. ಹೇಳಬೇಕಾಗಿದ್ದುದೆಲ್ಲ ಅವರು ಇಳಿದುಹೋದ ಮೇಲೆ ಒಂದೊಂದಾಗಿ ನೆನಪಾಗುತ್ತದೆ. ಇದನ್ನು ಬುದ್ಧಿಯ ಕೊರತೆಯೆಂದೋ ಹುಟ್ಟುಗುಣವೆಂದೋ ತಿಳಿದು ಕೊರಗುವವರು ಬಹಳ ಮಂದಿ. ನನಗೆ ತಿಳಿದಂತೆ ಅದು ಎರಡೂ ಅಲ್ಲ. ಎದುರಿನವರ ಮಾತಿನ ಮೇಲೆ ಇರಬೇಕಾದ ಗಮನ ನಮ್ಮ ಮೇಲೆಯೇ ನೆಟ್ಟಿರುವುದರಿಂದ ಹೀಗಾಗುತ್ತದೆ, ಮತ್ತು ಅದನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಹುದು.

ಹತ್ತು ಭಾಷೆಗಳ ಸಹಜ ಮಾತುಕತೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವುದರ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಆದರೆ ಕಣ್ಣೆದುರಿಗಿರುವ ಚಿತ್ರವೊಂದನ್ನು ಕಂಡು ಅದರ ಹೆಸರು ಹೇಳುವುದಕ್ಕೇ ಸುಮಾರು 600 ಮಿಲಿಸೆಕೆಂಡು ಹಿಡಿಯುತ್ತದೆ. ಹಾಗಾಗಿ ಎದುರಿನವರ ಮಾತು ಮುಗಿಯುವ ಮೊದಲೇ ನಾವು ಉತ್ತರ ಕಟ್ಟಲು ತೊಡಗಿರಲೇಬೇಕು. ಕೇಳುವುದು, ಕಟ್ಟುವುದು ಎರಡೂ ಏಕಕಾಲಕ್ಕೆ ನಡೆಯುವ ಆ ಹೊತ್ತಿನಲ್ಲಿ "ಇವರು ನನ್ನನ್ನು ಏನೆಂದುಕೊಳ್ಳುತ್ತಾರೋ" ಎಂಬ ಮೂರನೆಯ ಕೆಲಸವೂ ಬಂದು ಸೇರಿದರೆ, ಮೊದಲೆರಡಕ್ಕೆ ಗಮನ ಸಾಲದೆ ಬಾಯಿ ಕಟ್ಟಿಹೋಗುತ್ತದೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಮೂರನೆಯ ಕೆಲಸವನ್ನು ಹಗುರ ಮಾಡುವುದಕ್ಕಾಗಿಯೇ ಇವೆ.

ಮೊದಲನೆಯದು, ಪ್ರಶ್ನೆಯನ್ನು ಕೊನೆಯ ಪದದವರೆಗೂ ಕೇಳಿಸಿಕೊಳ್ಳುವುದು. ಅರ್ಧ ಪ್ರಶ್ನೆ ಕೇಳಿದ ಕೂಡಲೇ ಉತ್ತರಕ್ಕೆ ಹಾರುವವರು ಹಲವು ಸಲ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಮಧ್ಯದಲ್ಲಿ ಅದು ಗೊತ್ತಾಗಿ ಇನ್ನಷ್ಟು ತಬ್ಬಿಬ್ಬಾಗುತ್ತಾರೆ.

ಎರಡನೆಯದು, ಬೇಕಾದ ಸಮಯವನ್ನು ಮುಚ್ಚುಮರೆಯಿಲ್ಲದೆ ತೆಗೆದುಕೊಳ್ಳುವುದು. ಉತ್ತರ ತಕ್ಷಣ ಬರುವುದೇ ವಾಡಿಕೆಯಾದ್ದರಿಂದ ಒಂದು ಸೆಕೆಂಡಿನ ಮೌನವೂ ನಮಗೆ ಯುಗದಂತೆ ತೋರುತ್ತದೆ; ಅದನ್ನು ತುಂಬಲು "ಅದು... ಅಂದರೆ... ಹಾಗೇನಿಲ್ಲ..." ಎಂದು ಎಳೆಯುತ್ತೇವೆ. ಅದರ ಬದಲು "ಒಂದು ನಿಮಿಷ, ಯೋಚಿಸಿ ಹೇಳುತ್ತೇನೆ" ಎನ್ನಬಹುದು, ಇಲ್ಲವೇ "ನೀವು ಕೇಳುತ್ತಿರುವುದು ಖರ್ಚಿನ ಬಗ್ಗೆಯೋ, ಸಮಯದ ಬಗ್ಗೆಯೋ?" ಎಂದು ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಎರಡನೆಯದೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದರಿಂದ ಸಮಯವೂ ಸಿಗುತ್ತದೆ, ಪ್ರಶ್ನೆಯೂ ಚಿಕ್ಕದಾಗುತ್ತದೆ.

ಮೂರನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡೋಣ. ಹಠಾತ್ತನೆ ಕೇಳಿದಾಗ ಗೊತ್ತಿರುವುದನ್ನೆಲ್ಲ ಹೇಳಲು ಹೋಗಬಾರದು. ಒಂದೇ ಒಂದು ಸಂಗತಿಯನ್ನು ಆರಿಸಿಕೊಂಡು ಅದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಬೇಕು, ಅದಕ್ಕೊಂದು ಕಾರಣವನ್ನೋ ಉದಾಹರಣೆಯನ್ನೋ ಕೊಡಬೇಕು, ಅಲ್ಲಿಗೆ ನಿಲ್ಲಿಸಬೇಕು. ಲಿಫ್ಟಿನ ಅದೇ ಪ್ರಶ್ನೆಯನ್ನು ತೆಗೆದುಕೊಳ್ಳಿ. "ಮುಕ್ಕಾಲು ಭಾಗ ಮುಗಿದಿದೆ ಸರ್. ಲೆಕ್ಕದ ವಿಭಾಗದಿಂದ ಎರಡು ಪಟ್ಟಿಗಳು ಬರಬೇಕು, ಬಂದರೆ ಶುಕ್ರವಾರದೊಳಗೆ ನಿಮ್ಮ ಮೇಜಿನ ಮೇಲಿರುತ್ತದೆ" ಎಂದರೆ ಕೆಲವೇ ಸೆಕೆಂಡುಗಳ ಮಾತು. ಕೇಳಿದವರಿಗೆ ಬೇಕಾದದ್ದೆಲ್ಲ ಅದರಲ್ಲಿದೆ: ಎಲ್ಲಿಗೆ ಬಂದಿದೆ, ಏನು ತಡೆಯಾಗಿದೆ, ಯಾವಾಗ ಮುಗಿಯುತ್ತದೆ. ಸಿನಿಮಾ ಹೇಗಿತ್ತೆಂದು ಯಾರಾದರೂ ಕೇಳಿದರೆ "ಚೆನ್ನಾಗಿತ್ತು" ಎಂದು ಬಾಗಿಲು ಹಾಕಿಕೊಳ್ಳುವುದಕ್ಕಿಂತ, "ಮೊದಲರ್ಧ ಎಳೆದಂತಾಯಿತು, ಆದರೆ ತಂದೆ ಮಗಳು ಜಗಳವಾಡುವ ಒಂದು ದೃಶ್ಯವಿದೆ, ಅದಕ್ಕಾಗಿಯಾದರೂ ನೋಡಬೇಕು" ಎಂದರೆ ಎದುರಿನವರಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತದೆ. ಮಾತು ಮುಗಿಸಲು ತಿಳಿಯದೆ ಸುತ್ತುವುದೇ ಅನೇಕರ ಕಷ್ಟ. ಹೇಳಬೇಕಾದದ್ದು ಒಂದೇ ಎಂದು ಮೊದಲೇ ನಿರ್ಧರಿಸಿದ್ದರೆ ಎಲ್ಲಿ ನಿಲ್ಲಬೇಕೆಂಬುದೂ ತಾನಾಗಿ ಗೊತ್ತಾಗುತ್ತದೆ.

ನಾಲ್ಕನೆಯದಾಗಿ, ಮಾತನ್ನು ಮರಳಿಸಬೇಕು. ಎದುರಿನವರು ಈಗಷ್ಟೇ ಹೇಳಿದ ಮಾತಿನಿಂದಲೇ ಹುಟ್ಟಿದ ಪ್ರಶ್ನೆಯನ್ನು ಕೇಳುವವರು ಹೆಚ್ಚು ಇಷ್ಟವಾಗುತ್ತಾರೆ ಎಂಬುದನ್ನು ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. "ಮನೆ ಬದಲಾಯಿಸಿದೆವು" ಎಂದವರನ್ನು "ಹೌದಾ, ಊಟ ಆಯಿತಾ?" ಎಂದು ಕೇಳಿದರೆ ಆ ಎಳೆ ಅಲ್ಲಿಗೇ ಕಡಿಯುತ್ತದೆ. "ಮಕ್ಕಳು ಹೊಸ ಜಾಗಕ್ಕೆ ಹೊಂದಿಕೊಂಡರಾ?" ಎಂದರೆ ಅದೇ ಮಾತು ಮುಂದುವರಿಯುತ್ತದೆ. ಇಂಥ ಪ್ರಶ್ನೆಯನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಲು ಬರುವುದಿಲ್ಲ; ಕೇಳಿಸಿಕೊಂಡರೆ ಮಾತ್ರ ಹೊಳೆಯುತ್ತದೆ. ನಾಚಿಕೆಯ ಸ್ವಭಾವದವರು ಇದನ್ನು ಹೆಚ್ಚಾಗಿ ಚೆನ್ನಾಗಿಯೇ ಮಾಡಬಲ್ಲರು, ಏಕೆಂದರೆ ಅವರಲ್ಲಿ ಬಹುಪಾಲು ಜನರಿಗೆ ಕೇಳಿಸಿಕೊಂಡು ರೂಢಿಯಿರುತ್ತದೆ.

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ವಾಕ್ಯದ ನಡುವೆ ಎಲ್ಲವೂ ಮರೆತುಹೋಗುತ್ತದೆ. ಆಗ "ಎಲ್ಲಿದ್ದೆ ನಾನು?" ಎಂದು ಸರಳವಾಗಿ ಕೇಳಿಬಿಡಿ, ಎದುರಿನವರು ನೆನಪಿಸುತ್ತಾರೆ. ಗೊತ್ತಿಲ್ಲದ ವಿಷಯವಾದರೆ "ನನಗೆ ಖಚಿತವಾಗಿ ಗೊತ್ತಿಲ್ಲ, ವಿಚಾರಿಸಿ ತಿಳಿಸುತ್ತೇನೆ" ಎನ್ನುವುದೇ ಪೂರ್ಣ ಉತ್ತರ.

ಎದೆ ಹೊಡೆದುಕೊಳ್ಳುವುದು ಎಲ್ಲರಿಗೂ ಕಾಣುತ್ತಿದೆ ಎಂಬ ಭಯವೇ ಅಳುಕನ್ನು ಇಮ್ಮಡಿಗೊಳಿಸುತ್ತದೆ. ಒಳಗಿನ ತಳಮಳ ಹೊರಗೆ ನಾವೆಣಿಸಿದಷ್ಟು ಕಾಣುವುದಿಲ್ಲ ಎಂಬುದನ್ನು ಮನೋವಿಜ್ಞಾನಿ ಥಾಮಸ್ ಗಿಲೋವಿಚ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ತೋರಿಸಿದರು. ಅವರೂ ಕೆನೆತ್ ಸವಿಟ್ಸ್ಕಿಯವರೂ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸಂಗತಿಯನ್ನು ಮೊದಲೇ ತಿಳಿದುಕೊಂಡು ಭಾಷಣಕ್ಕೆ ನಿಂತವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ತಿಳಿವಳಿಕೆಯೊಂದೇ ಇಷ್ಟು ನೆರವಾಗುವುದು ನನಗೆ ಬಹಳ ಭರವಸೆ ಕೊಡುವ ವಿಷಯ.

ಇನ್ನು ಅಭ್ಯಾಸದ ಮಾತು. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಸಂಘದ ಕೂಟಗಳಲ್ಲಿ, ಮೊದಲೇ ತಿಳಿಸದ ವಿಷಯದ ಮೇಲೆ ಒಂದೆರಡು ನಿಮಿಷ ಮಾತನಾಡುವ ಪದ್ಧತಿ ಇಂದಿಗೂ ಇದೆ. ಸಂಘಕ್ಕೆ ಸೇರದೆಯೂ ಇದನ್ನು ಮಾಡಬಹುದು. ಹತ್ತಾರು ಸಾಮಾನ್ಯ ಪದಗಳನ್ನು ಚೀಟಿಗಳಲ್ಲಿ ಬರೆದು ಒಂದನ್ನು ಎತ್ತಿ, ಕೂಡಲೇ ಒಂದು ನಿಮಿಷ ಗಟ್ಟಿಯಾಗಿ ಮಾತನಾಡಿ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಕೇಳುವಾಗ ಧ್ವನಿಯ ಬಗ್ಗೆ ತಲೆಕೆಡಿಸಿಕೊಳ್ಳದೆ, ಮುಖ್ಯ ಸಂಗತಿ ಮೊದಲ ವಾಕ್ಯದಲ್ಲಿ ಬಂದಿತೇ ಎಂಬುದನ್ನಷ್ಟೇ ಗಮನಿಸಿ. ಜೊತೆಗೆ ದಿನಕ್ಕೊಮ್ಮೆ, ಸರದಿಯಲ್ಲಿ ನಿಂತಾಗಲೋ ಕಾಯುತ್ತ ಕುಳಿತಾಗಲೋ, ಪರಿಚಯವಿಲ್ಲದ ಒಬ್ಬರೊಡನೆ ಎರಡು ಮಾತಾಡಿ. ಆಮೇಲೆ ಅದನ್ನು ಮನಸ್ಸಿನಲ್ಲಿ ಕೆದಕಿ ತಪ್ಪು ಹುಡುಕುವುದು ಬೇಡ. ಮೊದಲ ಸಲ ಭೇಟಿಯಾದವರು ತಮ್ಮನ್ನು ಎಷ್ಟು ಮೆಚ್ಚಿದ್ದಾರೆಂಬುದನ್ನು ಜನ ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತಾರೆಂದು 2018ರ ಅಧ್ಯಯನವೊಂದು ಕಂಡುಕೊಂಡಿದೆ. ಬರೆದಿಡಲೇಬೇಕೆನಿಸಿದರೆ, ಅವರು ಹೇಳಿದ್ದರಲ್ಲಿ ನಿಮಗೆ ಹೊಸದಾಗಿ ತಿಳಿದ ಒಂದು ವಿಷಯವನ್ನು ಬರೆದಿಡಿ.