ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಾನೂನಿಗೆ ಅಮೆರಿಕದ ರಾಜ್ಯಗಳು ಹೇಗೆ ಅಡ್ಡ ನಿಂತವು? ಓದುವವರಿಗೊಂದು ದಾರಿ

ಮೊದಲೇ ಸುಪ್ರೀಂ ಕೋರ್ಟ್ ತೀರ್ಪು ಹಿಡಿದು ಕೂರಬೇಡಿ. ಒಬ್ಬ ಮನುಷ್ಯನ ಕತೆಯಿಂದ ಶುರು ಮಾಡಿ. ಜೋಶುವಾ ಗ್ಲೋವರ್ ಮಿಸೌರಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯ ವಿಸ್ಕಾನ್ಸಿನ್‌ನಲ್ಲಿ ದುಡಿದು ಬದುಕುತ್ತಿದ್ದರು. 1854ರ ಮಾರ್ಚ್‌ನಲ್ಲಿ ಅವರನ್ನು ಹೊಡೆದು, ಗಾಡಿಗೆ ಹಾಕಿ ಮಿಲ್ವಾಕೀ ಜೈಲಿಗೆ ತಂದರು. ಮಾರನೇ ದಿನ ಜನ ಜೈಲಿನ ಬಾಗಿಲು ಮುರಿದು ಬಿಡಿಸಿಕೊಂಡರು. ಗ್ಲೋವರ್ ಕೆನಡಾ ಸೇರಿದರು.

ಆಮೇಲೆ, ಹೀಗೆ ಓಡಿಹೋದವರನ್ನು ಹಿಡಿದುಕೊಡಬೇಕೆಂಬ ಕೇಂದ್ರದ 1850ರ ಕಾನೂನು ಓದಿ. ಅದರಲ್ಲಿ ದುಡ್ಡಿನ ಲೆಕ್ಕ ನೋಡಿ: ಸಿಕ್ಕಿಬಿದ್ದವರನ್ನು ಮಾಲೀಕನಿಗೆ ಒಪ್ಪಿಸಿದರೆ, ವಿಚಾರಣೆ ಮಾಡುವ ಕೇಂದ್ರದ ಅಧಿಕಾರಿಯಾದ ಕಮಿಷನರ್‌ಗೆ 10 ಡಾಲರ್, ಬಿಟ್ಟು ಕಳಿಸಿದರೆ 5. ಸಿಕ್ಕಿಬಿದ್ದವರಿಗೆ ಜ್ಯೂರಿ ಇಲ್ಲ, ತಮ್ಮ ಪರ ತಾವೇ ಸಾಕ್ಷಿ ಹೇಳುವಂತಿಲ್ಲ. ನೆರವಾದವರಿಗೆ 1000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಇದನ್ನು ಓದಿ ಹೊಟ್ಟೆ ಉರಿಯದಿದ್ದರೆ ಇನ್ನೊಮ್ಮೆ ಓದಿ.

ಈಗ ಮುಖ್ಯ ಪ್ರಶ್ನೆ ಕೇಳಿ: ಜೈಲಿನ ಕೀಲಿ ಯಾರ ಕೈಯಲ್ಲಿತ್ತು? ಕೇಂದ್ರಕ್ಕೆ ಆಗ ಸಿಬ್ಬಂದಿ ಕಡಿಮೆ, ಶೆರಿಫ್‌ಗಳು (ಜಿಲ್ಲೆಯ ಪೊಲೀಸ್ ಮುಖ್ಯಸ್ಥರು), ಜೈಲುಗಳು ಎಲ್ಲ ಸ್ಥಳೀಯರವು. ಇಂಥದೇ ಹಳೆಯ ಕಾನೂನಿನ ಬಗ್ಗೆ 1842ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಪ್ರಿಗ್ ತೀರ್ಪು ಮಾಲೀಕರ ಪರವೇ ಬಂತು, ಆದರೆ ಹಿಡಿಯುವ ಕೆಲಸ ಕೇಂದ್ರದ್ದು, ಅದಕ್ಕೆ ರಾಜ್ಯದ ಅಧಿಕಾರಿಗಳನ್ನು ಬಲವಂತ ಮಾಡುವಂತಿಲ್ಲ ಎಂಬ ಮಾತೂ ಅದರಲ್ಲಿತ್ತು. ಮಸಾಚುಸೆಟ್ಸ್ ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. 1843ರಲ್ಲಿ, ಈ ಕೆಲಸಕ್ಕೆ ನಮ್ಮ ಅಧಿಕಾರಿಗಳೂ ಇಲ್ಲ, ನಮ್ಮ ಜೈಲೂ ಇಲ್ಲ ಎಂದು ಕಾನೂನು ಮಾಡಿತು. ಅದಕ್ಕೇ 1854ರಲ್ಲಿ ಅದೇ ರಾಜ್ಯದ ಬಾಸ್ಟನ್‌ನಲ್ಲಿ ವರ್ಜೀನಿಯಾದ ಗುಲಾಮಗಿರಿಯಿಂದ ಓಡಿಬಂದ ಆಂಟನಿ ಬರ್ನ್ಸ್ ಸಿಕ್ಕಿಬಿದ್ದಾಗ ಕೋರ್ಟ್ ಕಟ್ಟಡದ ಕೋಣೆಯಲ್ಲೇ ಕೂಡಿಹಾಕಬೇಕಾಯಿತು. ಆದರೂ ಸೈನಿಕರ ಕಾವಲಿನಲ್ಲಿ ಅವರನ್ನು ವರ್ಜೀನಿಯಾಕ್ಕೆ ಸಾಗಿಸಿಯೇಬಿಟ್ಟರು. ಇದನ್ನು ಮರೆಮಾಚಿ ಓದಬೇಡಿ.

ಕೈಜೋಡಿಸದಿರುವುದು ಬೇರೆ, ತಡೆಯುವುದು ಬೇರೆ. ಜಾಸ್ತಿ ಜನ ಎಡವುವುದು ಇಲ್ಲೇ. ಗ್ಲೋವರ್ ಬಿಡುಗಡೆಗೆ ಜನರನ್ನು ಸೇರಿಸಿದ ಪತ್ರಕರ್ತ ಶೆರ್ಮನ್ ಬೂತ್‌ರನ್ನು ಕೇಂದ್ರ ಬಂಧಿಸಿತು. ವಿಸ್ಕಾನ್ಸಿನ್ ಸುಪ್ರೀಂ ಕೋರ್ಟ್ 1850ರ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದು ಬೂತ್‌ರನ್ನು ಬಿಡಿಸಿತು. 1859ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು: ಕೇಂದ್ರದ ಕೈದಿಯನ್ನು ರಾಜ್ಯದ ಕೋರ್ಟ್ ಬಿಡಿಸುವಂತಿಲ್ಲ. ಆದರೆ ನಮ್ಮ ಶೆರಿಫ್ ನಿಮ್ಮ ಕೆಲಸಕ್ಕೆ ಬರಲ್ಲ ಎನ್ನುವ ದಾರಿ ಉಳಿಯಿತು. 1997ರ ಸುಪ್ರೀಂ ಕೋರ್ಟಿನ ಪ್ರಿಂಟ್ಜ್ ತೀರ್ಪು, ಅದು ಬಂದೂಕು ಕೊಳ್ಳುವವರ ತಪಾಸಣೆಯನ್ನು ಸ್ಥಳೀಯ ಅಧಿಕಾರಿಗಳ ಮೇಲೆ ಹೇರುವ ವಿಷಯ, ಅದೇ ದಾರಿಯನ್ನು ಇನ್ನೂ ಗಟ್ಟಿ ಮಾಡಿತು.

ಕೊನೆಗೆ 1860ರ ಡಿಸೆಂಬರ್‌ನಲ್ಲಿ ಗುಲಾಮಗಿರಿಯಿದ್ದ ದಕ್ಷಿಣದ ರಾಜ್ಯ ಸೌತ್ ಕೆರೊಲಿನಾ ಅಮೆರಿಕದ ಒಕ್ಕೂಟ ಬಿಡುವಾಗ ಕೊಟ್ಟ ಕಾರಣಗಳ ಪತ್ರ ಓದಿ. ಆಮೇಲಿನ ಅಂತರ್ಯುದ್ಧದಲ್ಲಿ ದಕ್ಷಿಣದವರು ರಾಜ್ಯಗಳ ಹಕ್ಕಿಗಾಗಿ ಹೋರಾಡಿದರು ಅಂತ ಸುಮ್ನೆ ಹೇಳಿಬಿಡುತ್ತಾರಲ್ವಾ? ಆ ಪತ್ರದ ದೊಡ್ಡ ದೂರು, ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡು ಗುಲಾಮರನ್ನು ಹಿಡಿದುಕೊಡುತ್ತಿಲ್ಲ ಎಂಬುದು.