‘ಗೆಟ್’ ಕಲಿಸಲು ಪಟ್ಟಿ ಬೇಡ: ಸ್ಪ್ಯಾನಿಷ್ ವಿದ್ಯಾರ್ಥಿಗಳೊಂದಿಗೆ ನನ್ನ ಅನುಭವ

ಸ್ಪ್ಯಾನಿಷ್ ಮಾತನಾಡುವವರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುವ ಕನ್ನಡಿಗರು ನನಗೆ ಗೊತ್ತಿರುವಂತೆಯೇ ಏಳೆಂಟು ಮಂದಿ ಇದ್ದಾರೆ. ‘ಗೆಟ್’ (get) ಎಂಬ ಪದ ಎದುರಾದ ಕೂಡಲೇ ಎಲ್ಲರೂ ಅದರ ಬೇರೆ ಬೇರೆ ಅರ್ಥಗಳಿಗೆ ಸ್ಪ್ಯಾನಿಷ್ ಪದಗಳ ಪಟ್ಟಿ ಬಿಚ್ಚುತ್ತಾರೆ: ಕೊನ್ಸೆಗಿರ್, ಓಬ್ತೆನೆರ್, ರೆಸಿಬಿರ್, ಕೊಂಪ್ರಾರ್, ಯೆಗಾರ್, ಎಂತೆಂದೆರ್, ಪೊನೆರ್ಸೆ... ನಾನೂ ಅದನ್ನೇ ಹಿಡಿದುಕೊಂಡು ವರ್ಷಕ್ಕೂ ಮೇಲೆ ಎಳೆದಾಡಿದೆ. ಪಟ್ಟಿ ಕೊಟ್ಟ ದಿನ ವಿದ್ಯಾರ್ಥಿಗಳಿಗೆ ಖುಷಿಯೋ ಖುಷಿ. ಮುಂದಿನ ವಾರ ಮಾತನಾಡಲು ಹೇಳಿದರೆ ಒಬ್ಬರ ಬಾಯಲ್ಲೂ ‘ಗೆಟ್’ ಬರುವುದಿಲ್ಲ. ‘ಒಬ್ಟೇನ್’, ‘ರಿಸೀವ್’ ಎಂದು ಸರ್ಕಾರಿ ಅರ್ಜಿಯ ಭಾಷೆ ಆಡುತ್ತಾರೆ. ಲ್ಯಾಟಿನ್ ಮೂಲದ ಪದಗಳು ಅವರ ಭಾಷೆಗೆ ಹತ್ತಿರ, ಹಾಗಾಗಿ ಅವೇ ಸುಲಭ. ‘ಗೆಟ್’ ಇಂಗ್ಲಿಷಿಗೆ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ. ಅವರಿಗೆ ಗುರುತು ಸಿಗುವಂಥ ನೆಂಟರು ಅದಕ್ಕೆ ಅವರ ಭಾಷೆಯಲ್ಲಿ ಇಲ್ಲ.

ನನ್ನ ವಿಧಾನ ಹೇಳಲು ಒಂದು ಸಾಲು ಸಾಕು: ‘ಗೆಟ್’ ಎಂದರೆ ಏನು ಎಂದು ಕೇಳಬೇಡಿ, ಅದರ ನಂತರ ಬರುವುದು ಏನು ಎಂದು ನೋಡಿ. ವಸ್ತುವೋ, ಸ್ಥಳವೋ, ಗುಣವಾಚಕವೋ, ಕ್ರಿಯಾಪದದ ಮೂರನೆಯ ರೂಪವೋ, ‘ಟು’ ಸೇರಿದ ಕ್ರಿಯಾಪದವೋ? ಇದನ್ನು ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ‘ನಿಘಂಟಿನಲ್ಲಿ ಪುಟಗಟ್ಟಲೆ ಇರುವುದನ್ನು ಐದು ಸಾಲಿಗೆ ಇಳಿಸಲು ಹೊರಟಿದ್ದೀರಾ?’ ಎಂದರು. ಈಗ ಅವರೇ ತಮ್ಮ ಇಬ್ಬರು ಪೆರು ದೇಶದ ವಿದ್ಯಾರ್ಥಿಗಳನ್ನು ‘ಗೆಟ್’ ಪಾಠಕ್ಕೆ ನನ್ನ ಬಳಿ ಕಳುಹಿಸಿದ್ದಾರೆ.

ಈ ದಾರಿ ಹಿಡಿಯುವ ಮೊದಲು ದುಡ್ಡು ಸಾಕಷ್ಟು ಹೋಯಿತು. ಸುಮಾರು ನಾಲ್ಕು ಸಾವಿರ ರೂಪಾಯಿ ಕೊಟ್ಟು ಚಿತ್ರದ ಕಾರ್ಡುಗಳನ್ನು ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿದ್ದೆ. ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಮಂದಿ ಬಸ್ಸಿನಲ್ಲಿ ಕುಳಿತು ಮೊಬೈಲ್‌ನಲ್ಲಿ ಪಾಠ ಕೇಳುವವರು. ಲ್ಯಾಮಿನೇಷನ್ ಮೇಲೆ ದೀಪ ಬಿದ್ದು ಬಿಳಿ ಚೌಕ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ, ಎರಡು ತಿಂಗಳೂ ಬಳಸಲಿಲ್ಲ. ಆಗ ನನ್ನ ದರ ಗಂಟೆಗೆ ಐದು ಡಾಲರ್. ಅದರಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಪಾಠ ನಡೆಸುವ ಆನ್‌ಲೈನ್ ವೇದಿಕೆಯ ಕಮಿಷನ್‌ಗೆ, ಉಳಿದದ್ದರಲ್ಲಿ ಚೂರು ಬ್ಯಾಂಕಿಗೆ. ಕೊಲಂಬಿಯಾದ ಬೊಗೊಟಾದಲ್ಲಿ ರಾತ್ರಿ ಎಂಟು ಗಂಟೆ ಎಂದರೆ ನಮಗೆ ಮರುದಿನ ಬೆಳಗಿನ ಆರೂವರೆ. ಆ ಹೊತ್ತಿಗೆ ಎದ್ದು ಕುಳಿತು ಗಳಿಸಿದ್ದು ಇಷ್ಟೇ ಎಂದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ತಿರುವು ಸಿಕ್ಕಿದ್ದು ಸ್ಪ್ಯಾನಿಷ್‌ನ ‘ಸೆ’ ಕ್ರಿಯಾಪದಗಳಿಂದ, ಅಂದರೆ ಕೊನೆಗೆ ‘ಸೆ’ ಅಂಟಿಕೊಂಡವುಗಳಿಂದ. ಎನೊಹಾರ್ಸೆ, ಮೊಹಾರ್ಸೆ, ಕಾನ್ಸಾರ್ಸೆ, ಪೆರ್ದೆರ್ಸೆ, ಕಾಸಾರ್ಸೆ. ಇವಕ್ಕೆಲ್ಲ ಇಂಗ್ಲಿಷಿನಲ್ಲಿ ‘ಗೆಟ್’ ಇಟ್ಟು ಅದರ ನಂತರ ಒಂದು ಪದ ಸೇರಿಸಿದರೆ ಮುಗಿಯಿತು: ಗೆಟ್ ಆ್ಯಂಗ್ರಿ, ಗೆಟ್ ವೆಟ್, ಗೆಟ್ ಟೈರ್ಡ್, ಗೆಟ್ ಲಾಸ್ಟ್, ಗೆಟ್ ಮ್ಯಾರೀಡ್. ‘ಮೆ ಮೊಹೆ’ ಎಂದು ನಾನು ಹೇಳುತ್ತೇನೆ, ಎರಡು ಸೆಕೆಂಡಿನೊಳಗೆ ‘ಐ ಗಾಟ್ ವೆಟ್’ ಬರಬೇಕು. ವಿವರಣೆ ಇಲ್ಲ, ಬರೆದುಕೊಳ್ಳುವಂತಿಲ್ಲ. ಮೊದಲ ವಾರ ಇದೊಂದೇ. ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಸಿಟ್ಟು ಮಾಡಿಕೊಂಡ, ಮೈ ನೆನೆಸಿಕೊಂಡ, ಮದುವೆ ಮಾಡಿಕೊಂಡ ಎನ್ನುವ ನಮಗೆ ಆ ‘ಸೆ’ ಏನು ಮಾಡುತ್ತಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಹಸಿವು, ನಿದ್ದೆಗಳ ವಿಚಾರದಲ್ಲೂ ಹಾಗೆಯೇ. ಅವರು ‘ಮೆ ದಿಯೊ ಆಂಬ್ರೆ’, ಅಂದರೆ ಅಕ್ಷರಶಃ ‘ನನಗೆ ಹಸಿವು ಕೊಟ್ಟಿತು’ ಎನ್ನುತ್ತಾರೆ, ನಾವು ‘ನನಗೆ ಹಸಿವಾಯಿತು’ ಎನ್ನುತ್ತೇವೆ. ಇಂಗ್ಲಿಷಿನವನು ಮಾತ್ರ ‘ಐ ಗಾಟ್ ಹಂಗ್ರಿ’ ಎಂದು ತಾನೇ ಮುಂದೆ ನಿಲ್ಲುತ್ತಾನೆ.

ಇದರಲ್ಲಿ ಗುಂಡಿಗಳೂ ಇವೆ. ಮೆಕ್ಸಿಕೋದ ಒಬ್ಬ ಹುಡುಗ ‘ಆಸೆರ್ಸೆ ಮೆದಿಕೊ’ ಎಂಬುದನ್ನು ಇದೇ ಅಚ್ಚಿಗೆ ಹಾಕಿ ‘ಐ ವಾಂಟ್ ಟು ಗೆಟ್ ಎ ಡಾಕ್ಟರ್’ ಎಂದ. ವೈದ್ಯನಾಗಬೇಕು ಎಂದು ಅವನ ಲೆಕ್ಕ; ಕೇಳಿದವರಿಗೆ ಯಾರಿಗೋ ಮೈ ಸರಿಯಿಲ್ಲ, ವೈದ್ಯರನ್ನು ಕರೆಸಬೇಕು ಎಂದು ಅರ್ಥ. ನಾಮಪದ ಬಂದರೆ ಅದು ಕೈಗೆ ಸಿಗುವ ವಸ್ತುವೇ ಹೊರತು ‘ಆಗುವುದು’ ಅಲ್ಲ ಎಂಬುದನ್ನು ಎರಡನೆಯ ವಾರವೇ ಹೊಡೆದು ಕೂರಿಸಬೇಕು. ಇನ್ನು ಹುಚ್ಚು ಹಿಡಿಯುವುದು, ಕಿವುಡಾಗುವುದು, ಕುರುಡಾಗುವುದು ‘ಗೋ’ ಪಾಲಿಗೆ ಸೇರಿದವು. ‘ಕಾಸಾರ್ಸೆ ಕೊನ್’ (‘ಕೊನ್’ ಎಂದರೆ ‘ವಿತ್’) ಎಂಬುದನ್ನು ನೋಡಿ ‘ಗೆಟ್ ಮ್ಯಾರೀಡ್ ವಿತ್’ ಎನ್ನುತ್ತಾರೆ; ‘ಟು’ ಬರುವವರೆಗೆ ನಾನು ಬಿಡುವುದಿಲ್ಲ.

ಸ್ಥಳದ ವಿಚಾರ ಸಲೀಸು. ಅವರ ‘ಯೆಗಾರ್ ಆ’ (‘ತಲುಪು’) ಎಂಬುದು ‘ಗೆಟ್ ಟು’ಗೆ ಅಳತೆ ತೆಗೆದಂತೆ ಕೂರುತ್ತದೆ. ‘ಅರೈವ್’ ಕಲಿಸಿದರೆ ‘ಅರೈವ್ ಟು’ ಎಂದು ತಪ್ಪುವವರು ‘ಗೆಟ್ ಟು’ ಎಂದರೆ ತಪ್ಪುವುದೇ ಇಲ್ಲ. ಹೋಮ್, ಹಿಯರ್, ದೇರ್ ಮೂರಕ್ಕೂ ‘ಟು’ ಬೇಡ ಎಂದು ಹೇಳಿದರೆ ಆಯಿತು. ಒಂದೇ ಎಚ್ಚರಿಕೆ, ಅದು ವಿದ್ಯಾರ್ಥಿಗಳಿಗಿಂತ ನಮಗೆ: ‘ಯೆಗೆ ತಾರ್ದೆ’ (‘ತಡವಾಗಿ ಬಂದೆ’) ಎಂಬುದನ್ನು ಅವರು ‘ಐ ಗಾಟ್ ಲೇಟ್’ ಎನ್ನುತ್ತಾರೆ, ನಾವು ಭಾರತೀಯರೂ ದಿನಾ ಅದನ್ನೇ ಹೇಳುವುದರಿಂದ ನಮ್ಮ ಕಿವಿಗೆ ತಪ್ಪು ತಾಗುವುದಿಲ್ಲ. ‘ಐ ವಾಸ್ ಲೇಟ್’ ಎಂದು ತಿದ್ದಬೇಕು.

ಎಲ್ಲಕ್ಕಿಂತ ಕಷ್ಟದ್ದು ಕ್ಷೌರದ ವಾಕ್ಯ. ‘ಮೆ ಕೊರ್ತೆ ಎಲ್ ಪೆಲೊ’ ಎಂದರೆ ಅಕ್ಷರಶಃ ‘ನನ್ನ ಕೂದಲು ಕತ್ತರಿಸಿಕೊಂಡೆ’. ಕತ್ತರಿ ಹಿಡಿದವನು ಕ್ಷೌರಿಕನಾದರೂ ಅವರು ಹೀಗೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ‘ಐ ಕಟ್ ಮೈ ಹೇರ್’ ಎಂದರೆ ಕನ್ನಡಿ ಮುಂದೆ ತಾನೇ ಕತ್ತರಿಸಿಕೊಂಡಂತೆ. ‘ಐ ಗಾಟ್ ಮೈ ಹೇರ್ ಕಟ್’ ಬರಬೇಕಾದರೆ ಕೆಲಸ ಮಾಡಿಸುವ ಭಾವ ಬೇಕು. ಅದು ನಮ್ಮ ‘ಕ್ಷೌರ ಮಾಡಿಸಿಕೊಂಡೆ’ ಎಂಬುದರಲ್ಲಿ ಇದೆ, ಅವರ ವಾಕ್ಯದಲ್ಲಿ ಕಾಣುವುದಿಲ್ಲ. ಇದಕ್ಕೆ ನಾನು ಮೂರು ಪ್ರಶ್ನೆಗಳ ಒಂದು ಸರಣಿ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲೆಯೇ ನಿಂತಿದೆ. ಸುಳಿವು ಬೇಕಾದರೆ, ದುಡ್ಡು ಯಾರು ಕೊಟ್ಟರು ಎಂಬಲ್ಲಿಂದ ಶುರು ಮಾಡಿ. ಕೆಲಸ ಕಳೆದುಕೊಂಡದ್ದು, ಕಳ್ಳತನಕ್ಕೆ ಒಳಗಾದದ್ದು ಮಾತ್ರ ಆಶ್ಚರ್ಯವೆನ್ನುವಷ್ಟು ಬೇಗ ಬರುತ್ತದೆ. ‘ಮೆ ರೊಬಾರೊನ್’, ‘ಮೆ ದೆಸ್ಪಿದಿಯೆರೊನ್’ ಎಂದರೆ ಸಾಕು, ‘ಐ ಗಾಟ್ ರಾಬ್ಡ್’, ‘ಐ ಗಾಟ್ ಫೈರ್ಡ್’ ತಾನಾಗಿ ಬರುತ್ತದೆ.

ನಡುವೆ ಇದನ್ನೇ ‘ಟೇಕ್’ ಪದದ ಮೇಲೆ ಪ್ರಯೋಗಿಸಿ ಕೈಬಿಟ್ಟೆ. ಅಲ್ಲಿ ತೊಮಾರ್ (ತೆಗೆದುಕೊ), ಯೆವಾರ್ (ಒಯ್ಯು), ಸಾಕಾರ್ (ಹೊರತೆಗೆ) ಎಲ್ಲ ಅಡ್ಡ ಬರುತ್ತವೆ, ಮುಂದಿನ ಪದ ನೋಡಿದರೂ ದಾರಿ ತಿಳಿಯುವುದಿಲ್ಲ. ಬ್ರೆಜಿಲ್‌ನ ಇಬ್ಬರ ಮೇಲೂ ನೋಡಿದೆ. ಅವರ ಪೋರ್ಚುಗೀಸಿನಲ್ಲಿ ‘ಫಿಕಾರ್’ ಎಂಬ ಒಂದೇ ಪದ ಆಗುವುದಕ್ಕೂ ಉಳಿಯುವುದಕ್ಕೂ ಸಲ್ಲುತ್ತದೆ. ಹೀಗಾಗಿ ‘ಐ ಸ್ಟೇಡ್ ಆ್ಯಂಗ್ರಿ’ ಎನ್ನುತ್ತಿದ್ದರು. ಮೊದಲು ‘ಸ್ಟೇ’ ಬಿಡಿಸುವುದರಲ್ಲೇ ತಿಂಗಳು ಕಳೆಯಿತು.

ಪದಗಳನ್ನು ಸ್ಪೇನ್‌ನ ಪಠ್ಯದಿಂದ ಎತ್ತಿ ಮೆಕ್ಸಿಕೋದವರ ಮುಂದೆ ಇಡಬೇಡಿ. ಮ್ಯಾಡ್ರಿಡ್‌ನಲ್ಲಿ ಬಸ್ ಹಿಡಿಯಲು ‘ಕೊಹೆರ್’ ಎನ್ನುತ್ತಾರೆ, ಮೆಕ್ಸಿಕೋದಲ್ಲಿ, ಅರ್ಜೆಂಟೀನಾದಲ್ಲಿ ಅದು ಹಸಿ ಅಶ್ಲೀಲ. ‘ಗೆಟ್ ದ ಬಸ್’ ಹೇಳಿಕೊಡಲು ‘ತೊಮಾರ್’ ಬಳಸಿ, ಎಲ್ಲ ಕಡೆ ನಡೆಯುತ್ತದೆ. ಹಾಗೆಯೇ ಅಮೆರಿಕದ ಕಂಪನಿಗೆ ಕೆಲಸ ಮಾಡುವವರಿಗೆ ‘ಗೆಟ್’ನ ಮೂರನೆಯ ರೂಪವಾಗಿ ‘ಗಾಟನ್’ ಕಿವಿಗೆ ಬೀಳುತ್ತಿರುತ್ತದೆ, ಅದು ತಪ್ಪೆಂದು ವಾದಿಸಬೇಡಿ.

ಉಚ್ಚಾರಣೆಗೆ ಒಂದು ಉಪಾಯ ಧಾರಾಳವಾಗಿ ಕೊಡುತ್ತೇನೆ. ಅಮೆರಿಕದವರು ‘ಗೆಟ್ ಇಟ್’ ಎಂದಾಗ ಮೊದಲನೆಯ ‘ಟ್’ ಮೆತ್ತಗಾಗಿ ‘ಗೆರಿಟ್’ ಎಂದು ಕೇಳುತ್ತದೆ. ಅದು ಸ್ಪ್ಯಾನಿಷ್‌ನ ‘ಪೆರೊ’ ಪದದಲ್ಲಿರುವ ಒಂಟಿ ‘ರ’ದ ಸದ್ದೇ. ‘ನಿಮ್ಮ ಪೆರೊದ ರ ಹಾಕಿ’ ಎಂದು ಹೇಳಿ ನೋಡಿ. ಎಷ್ಟೋ ವರ್ಷ ಇಂಗ್ಲಿಷ್ ಕಲಿತರೂ ಕಾಲ್‌ನಲ್ಲಿ ಏನೂ ತಿಳಿಯದೆ ಒದ್ದಾಡುತ್ತಿದ್ದ ಕೊಲಂಬಿಯಾದ ಅಕೌಂಟೆಂಟ್ ಒಬ್ಬರಿಗೆ ‘ಗೆರಿಟ್’, ‘ಗೆರೌಟ್’, ‘ಗೆರಪ್’ ಒಂದೇ ತರಗತಿಯಲ್ಲಿ ಕೇಳಿಸತೊಡಗಿದವು. ಅವರು ಅಲ್ಲಿಯೇ ಇಪ್ಪತ್ತು ತರಗತಿಗಳ ಹಣ ಮುಂಗಡ ಕಟ್ಟಿದರು.

ಈಗ ನನ್ನ ದರ ಗಂಟೆಗೆ ಹದಿನಾಲ್ಕು ಡಾಲರ್. ಹೊಸಬರು ಸಿಗುವುದು ಹಳಬರ ಬಾಯಿಮಾತಿನಿಂದ. ಬೇಕಿದ್ದವರು ಮೊದಲ ವಾರದ ‘ಸೆ’ ಅಭ್ಯಾಸವನ್ನು ಹಾಗೆಯೇ ಎತ್ತಿಕೊಂಡು ನಿಮ್ಮ ತರಗತಿಯಲ್ಲಿ ನಡೆಸಿ ನೋಡಿ. ಎರಡನೆಯ ವಾರಕ್ಕೆ ಕಾಲಿಡುವ ಮೊದಲು ಕನಿಷ್ಠ ಮೂವತ್ತು ಕ್ರಿಯಾಪದವಾದರೂ ಬಾಯಿಗೆ ಬಂದಿರಲಿ.